ಮಗು ಒಂದು, ರಿಜಿಸ್ಟರ್ ಹಲವು

ಅಂಗನವಾಡಿ, ಶಾಲೆ, ಆರೋಗ್ಯ ಇಲಾಖೆ ಮಕ್ಕಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪೂರ್ತಿ ಒಪ್ಪುತ್ತೇನೆ. ಕೊಡಗಿನ ನಮ್ಮ ಸಿದ್ದಾಪುರದ ಕಡೆ ತೋಟದ ಲೈನ್ ಮನೆಗಳನ್ನೇ, ಅಂದರೆ ಕಾರ್ಮಿಕರ ಸಾಲು ಮನೆಗಳನ್ನೇ ನೋಡಿ. ಕಾಫಿ ಕೊಯ್ಲು ಮುಗಿದ ಕೂಡಲೇ ಎಷ್ಟೋ ಕುಟುಂಬಗಳು ಬೇರೆ ತೋಟಕ್ಕೋ ಊರಿಗೋ ಹೊರಡುತ್ತವೆ, ಮಗುವಿನ ತೂಕ ಅಂಗನವಾಡಿಯಲ್ಲಿ, ಲಸಿಕೆ ಲೆಕ್ಕ ಆಶಾ ಕಾರ್ಯಕರ್ತೆ ಹತ್ತಿರ, ಹಾಜರಿ ಶಾಲೆಯಲ್ಲಿ ಉಳಿಯುತ್ತದೆ, ಮಗು ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಹಾಗಂತ ವಾಟ್ಸಾಪ್ ಗ್ರೂಪಿನಲ್ಲಿ ಮಗುವಿನ ಹೆಸರು, ಫೋಟೊ ಹಾಕುವುದು ಹಂಚಿಕೆ ಅಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಆದರೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ ಮಕ್ಕಳನ್ನು ಅದರಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮನೆಯವರ ಒಪ್ಪಿಗೆಗೆ ಕಾಯುವ ಹಾಗಿಲ್ಲ. ಯಾರಿಗೆ ಹೇಳಬೇಕು ಅಂತ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ನಮಗ್ಯಾಕೆ ಅಂತ ಸುಮ್ಮನಿರುವವರೇ ಜಾಸ್ತಿ ಅಲ್ವಾ?

ಮಾಹಿತಿ ಹಂಚಿಕೊಳ್ಳೋಕೆ ದೊಡ್ಡ ಸಾಫ್ಟ್‌ವೇರ್ ಬರುವಾಗ ಬರಲಿ. ಕುಟುಂಬ ಹೊರಡುವ ದಿನ ತೋಟದ ರೈಟರ್ (ಲೆಕ್ಕ ಬರೆಯುವವರು) ಅಂಗನವಾಡಿ ಟೀಚರ್‌ಗೆ ಒಂದು ಫೋನ್ ಮಾಡಿ, ಇಂಥ ಕಡೆ ಹೋಗ್ತಿದ್ದಾರೆ ಅಂತ ಹೇಳಲಿ, ಅಷ್ಟು ಸಾಕು ಶುರು ಮಾಡೋಕೆ.