ನಡೆಯಲೊಲ್ಲದ ನಾಯಿಯನ್ನು ಎಳೆಯುವ ಮೊದಲು

ನಾಯಿ ಇದ್ದಕ್ಕಿದ್ದಂತೆ ವಾಕಿಂಗ್‌ಗೆ ಬರುತ್ತಿಲ್ಲ ಎಂದು ಯಾರಾದರೂ ಅಳಲು ತೋಡಿಕೊಂಡರೆ ಸಾಕು, "ಸಲಿಗೆ ಹೆಚ್ಚಾಗಿದೆ, ಎಳೆದುಕೊಂಡು ಹೋಗಿ, ತಾನೇ ದಾರಿಗೆ ಬರುತ್ತದೆ" ಎನ್ನುವವರು ಹತ್ತು ಜನ ಸಿಗುತ್ತಾರೆ. ಈ ಸಲಹೆ ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತದೆ. ನಿನ್ನೆಯವರೆಗೆ ಚೈನಿನ ಸದ್ದಿಗೇ ಬಾಗಿಲಿಗೆ ಓಡಿಬರುತ್ತಿದ್ದ ಪ್ರಾಣಿ ಇವತ್ತು ಮಂಚದಡಿ ಸೇರಿಕೊಂಡಿದೆ ಎಂದರೆ ಅದಕ್ಕೆ ಏನೋ ಆಗಿದೆ. ಸೊಕ್ಕು ರಾತ್ರೋರಾತ್ರಿ ಹುಟ್ಟುವುದಿಲ್ಲ.

ಮೊದಲು ನೋಡಬೇಕಾದದ್ದು ಅದು ಎಲ್ಲಿ, ಯಾವಾಗ ನಿಲ್ಲುತ್ತದೆ ಎಂಬುದನ್ನು. ಹಾರ್ನೆಸ್ ಕೈಗೆತ್ತಿಕೊಂಡ ಕೂಡಲೇ ಹಿಂದೆ ಸರಿದರೆ ಕಂಕುಳಲ್ಲಿ ಪಟ್ಟಿ ಉಜ್ಜಿ ಚರ್ಮ ಕೆಂಪಾಗಿರಬಹುದು, ಇಲ್ಲವೇ ಕುತ್ತಿಗೆ ನೋಯುತ್ತಿರಬಹುದು. ಮೆಟ್ಟಿಲ ಬಳಿ ನಿಂತರೆ ಬೆನ್ನು, ಸೊಂಟ, ಮಂಡಿಯ ಕಡೆ ಅನುಮಾನ ಹೋಗಬೇಕು. ಸ್ವಲ್ಪ ದೂರ ಚೆನ್ನಾಗಿಯೇ ನಡೆದು ಆಮೇಲೆ ಕುಳಿತುಬಿಡುವ ನಾಯಿಗೆ ಕೀಲುನೋವು ಇರಬಹುದು, ಹೃದಯದ ತೊಂದರೆಯೂ ಇರಬಹುದು. ಮಧ್ಯಾಹ್ನ ಮಾತ್ರ ಒಲ್ಲೆ ಎಂದರೆ ರಸ್ತೆಯನ್ನು ನೀವೇ ಮುಟ್ಟಿ ನೋಡಿ: ಗಾಳಿಯ ಉಷ್ಣತೆ 30 ಡಿಗ್ರಿ ಇದ್ದರೂ ಬಿಸಿಲಿಗೆ ಕಾದ ಡಾಂಬರು 50 ಡಿಗ್ರಿ ದಾಟಬಲ್ಲದು. ನಾವು ಚಪ್ಪಲಿ ಹಾಕಿಕೊಂಡು "ಬಾ, ಬಾ" ಎನ್ನುತ್ತಿರುತ್ತೇವೆ.

ನಮ್ಮ ಮನೆಯ ಮುದಿ ಹೆಣ್ಣುನಾಯಿ ಕತ್ತಲಾದ ಮೇಲೆ ಗೇಟು ದಾಟುತ್ತಿರಲಿಲ್ಲ. ಹಗಲಲ್ಲಿ ಅದೇ ದಾರಿಯನ್ನು ಮೂಸಿಕೊಂಡು ಆರಾಮವಾಗಿ ಬರುತ್ತಿತ್ತು. ಟಾರ್ಚ್ ಹಿಡಿದರೆ ನಡೆಯುತ್ತಿತ್ತು, ಆದರೆ ಬೆಳಕು ಬಿದ್ದಷ್ಟು ಜಾಗದಲ್ಲಿ ಮಾತ್ರ. ಬೆಳಕನ್ನು ಪಕ್ಕಕ್ಕೆ ಸರಿಸಿದರೆ ಎತ್ತಿದ ಕಾಲನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಲ್ಲುತ್ತಿತ್ತು. ಕಣ್ಣು ಮಂಜಾಗಿತ್ತು, ಅಷ್ಟೇ.

ಪಾದ ನೋಡುವುದನ್ನಂತೂ ಬಿಡಬೇಡಿ. ಮೇಲಿಂದ ಕಣ್ಣು ಹಾಯಿಸಿದರೆ ಸಾಲದು. ಒಂದೊಂದೇ ಬೆರಳನ್ನು ಬಿಡಿಸಿ, ಕೂದಲು ಸರಿಸಿ, ಸಂದಿಯಲ್ಲಿ ಹುಲ್ಲಿನ ಮುಳ್ಳು ಹೊಕ್ಕಿದೆಯೇ, ಉಣುಗು ಕಚ್ಚಿಕೊಂಡಿದೆಯೇ, ಮೆತ್ತೆ ಸೀಳಿದೆಯೇ ಎಂದು ಹುಡುಕಬೇಕು. ನೆಲಕ್ಕೆ ತಾಗದ ಒಳಬದಿಯ ಉಗುರು ಸವೆಯುವುದೇ ಇಲ್ಲ. ಸುರುಳಿಯಾಗಿ ಬೆಳೆದು ಮಾಂಸಕ್ಕೇ ಚುಚ್ಚಿಕೊಂಡಿರುವುದುಂಟು. ನಾಯಿ ಒಂದೇ ಪಾದವನ್ನು ಪದೇ ಪದೇ ನೆಕ್ಕುತ್ತಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಊಟ ಬಿಟ್ಟಿದೆ, ಒಸಡು ಬಿಳಿಚಿದೆ, ಕೆಮ್ಮುತ್ತಿದೆ, ಮೈ ಬಿಸಿಯಾಗಿದೆ ಎಂದರೆ ಇವುಗಳನ್ನೆಲ್ಲ ಯೋಚಿಸುತ್ತ ಕೂರಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ. ಉಣುಗಿನಿಂದ ಬರುವ ಜ್ವರಗಳು ಸುಸ್ತಿನಿಂದಲೇ ಆರಂಭವಾಗುವುದುಂಟು. ಆರೋಗ್ಯವಾಗಿರುವ ನಾಯಿಯ ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ದಯವಿಟ್ಟು ಕೊಡಬೇಡಿ, ಅವು ನಾಯಿಗೆ ವಿಷವಾಗಬಲ್ಲವು. ಇನ್ನೊಂದು ಮಾತು: ಮನೆಯಲ್ಲಿ ಕುಂಟುವ ನಾಯಿ ಆಸ್ಪತ್ರೆಯ ಗಾಬರಿಯಲ್ಲಿ ನೆಟ್ಟಗೆ ನಡೆದುಬಿಡುತ್ತದೆ. ಆದ್ದರಿಂದ ಅದರ ನಡಿಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗಿ.

ಇಷ್ಟೆಲ್ಲ ನೋಡಿಯೂ ಏನೂ ಸಿಗದಿದ್ದರೆ ಭಯವಿರಬಹುದು. ಹೋಗುವಾಗ ಕಾಲೆಳೆಯುತ್ತ, ಮನೆಯ ಕಡೆ ತಿರುಗಿದ ಕೂಡಲೇ ಜಗ್ಗಿಕೊಂಡು ಓಡುವ ನಾಯಿ ಹೆಚ್ಚಾಗಿ ಹೆದರಿದ ನಾಯಿ. ಟೈರು ಸಿಡಿದ ಒಂದೇ ಸದ್ದು, ಬೇರೆ ನಾಯಿ ಮೇಲೆ ಬಿದ್ದ ಒಂದೇ ಸಲ ಸಾಕು, ಆ ತಿರುವು ಅದಕ್ಕೆ ಶಾಶ್ವತವಾಗಿ ಬೇಡವಾಗಬಹುದು. ನಮ್ಮ ಕಿವಿ 20,000 ಹರ್ಟ್ಸ್‌ಗೆ ಕೈಚೆಲ್ಲಿದರೆ ಅದರದ್ದು 45,000ದ ಆಸುಪಾಸಿನವರೆಗೂ ಕೇಳಿಸಿಕೊಳ್ಳುತ್ತದೆ. "ಅಲ್ಲಿ ಏನೂ ಇಲ್ಲವಲ್ಲ" ಎಂದು ನಾವು ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲ. ನೋವು ಮತ್ತು ಭಯ ಜೊತೆಯಾಗಿ ಇರುವುದೂ ಉಂಟು: ಸದ್ದಿಗೆ ಬೆಚ್ಚಿದಾಗ ನೋಯುವ ಕೀಲು ಬಿಗಿಯುತ್ತದೆ, ಮುಂದಿನ ಸಲ ಅದೇ ಸದ್ದು ಇನ್ನಷ್ಟು ಹೆದರಿಸುತ್ತದೆ.

ಹೆದರಿದ ನಾಯಿಯನ್ನು ಎಳೆದರೆ, ಆ ಜಾಗ ಕೆಟ್ಟದ್ದು ಎಂಬ ಅದರ ನಂಬಿಕೆಗೆ ನೀವೇ ಸಾಕ್ಷಿ ಒದಗಿಸಿದಂತೆ. ಬೇರೆ ದಾರಿ, ಬೇರೆ ಹೊತ್ತು ಪ್ರಯತ್ನಿಸಿ. ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಅದರ ಜೊತೆ ಕುಳಿತು, ಇಷ್ಟದ ತಿಂಡಿ ಕೊಟ್ಟು, ಅಷ್ಟಕ್ಕೇ ಆ ದಿನ ಮುಗಿಸಿ. ನಾಳೆ ಎರಡು ಹೆಜ್ಜೆ ಮುಂದಿಡಬಹುದು, ಇಡದೆಯೂ ಇರಬಹುದು. ಕೆಲವು ದಿನ ವಾಕಿಂಗ್ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ. ತಿಂಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಬಚ್ಚಿಟ್ಟು ಮನೆಯೊಳಗೇ ಹುಡುಕಲು ಬಿಡಿ.