ಪಾಠ ಮಾಡಲು ಪರವಾನಗಿ, ಪರೀಕ್ಷೆ ಮಾತ್ರ ಪೇಪರಿನದು

ಜರ್ಮನಿಯಲ್ಲಿ ವರ್ಷಕ್ಕೆ ಎಷ್ಟು ಜನ ಹ್ಯಾಬಿಲಿಟೇಶನ್, ಅಂದರೆ ಡಾಕ್ಟರೇಟಿನ ಮೇಲಿನ ಬೋಧನಾ ಅರ್ಹತೆ, ಮುಗಿಸುತ್ತಾರೋ ಅವರಲ್ಲಿ ಸುಮಾರು ಅರ್ಧದಷ್ಟು ಜನ ವೈದ್ಯರು. ಇವರೆಲ್ಲ ಮುಂದೆ ಯೂನಿವರ್ಸಿಟಿ ಪ್ರೊಫೆಸರ್ ಆಗುತ್ತಾರೆ ಅಂದುಕೊಳ್ಳಬೇಡಿ, ಅಷ್ಟು ಹುದ್ದೆಗಳೇ ಇಲ್ಲ. ಅನೇಕರ ಕಣ್ಣು ಇರುವುದು ಯಾವುದೋ ಜಿಲ್ಲಾಸ್ಪತ್ರೆಯ ಶೆಫ್‌ಆರ್ಟ್ಸ್ಟ್, ಅಂದರೆ ವಿಭಾಗದ ಮುಖ್ಯ ವೈದ್ಯನ ಕುರ್ಚಿಯ ಮೇಲೆ. ಅಲ್ಲಿ ಕೆಲಸಕ್ಕೂ ಈ ಪದವಿಗೂ ಏನು ಸಂಬಂಧ ಅಂತ ಕೇಳಿದರೆ ಯಾರ ಹತ್ತಿರವೂ ನೆಟ್ಟಗಿನ ಉತ್ತರ ಇಲ್ಲ. ಆದರೂ ಜಾಹೀರಾತಿನಲ್ಲಿ ‘ಹ್ಯಾಬಿಲಿಟೇಶನ್ ಆಗಿದ್ದರೆ ಒಳ್ಳೆಯದು’ ಅಂತ ಒಂದು ಸಾಲು ಇರುತ್ತದೆ, ಹೆಣ್ಣು ನೋಡಲು ಬಂದವರು ಜಾತಕ ಕೇಳಿದ ಹಾಗೆ.

ಜರ್ಮನಿಯ ಒಂದು ಯೂನಿವರ್ಸಿಟಿ ಆಸ್ಪತ್ರೆಯ ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಊರಿನ ಜೂನಿಯರ್‌ಗಳು ಪದೇ ಪದೇ ಇದರ ಬಗ್ಗೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಹೇಳಿಬಿಡುತ್ತೇನೆ, ಜೊತೆಗೆ ನನ್ನ ತಕರಾರನ್ನೂ.

ಹ್ಯಾಬಿಲಿಟೇಶನ್ ಅಂದರೆ ಡಾಕ್ಟರೇಟ್ ಆದ ಮೇಲಿನ ಇನ್ನೊಂದು ಮೆಟ್ಟಿಲು. ಅದನ್ನು ಹತ್ತಿದವರಿಗೆ ಸಿಗುವುದು ‘ವೇನಿಯಾ ಲೆಗೆಂಡಿ’, ತನ್ನ ವಿಷಯವನ್ನು ಸ್ವತಂತ್ರವಾಗಿ ಬೋಧಿಸುವ ಅಧಿಕಾರ. ಹೆಸರಿನ ಮುಂದೆ ‘ಪ್ರಿವಾಟ್‌ಡೊಟ್ಸೆಂಟ್’ ಅಂತ ಹಾಕಿಕೊಳ್ಳಬಹುದು. ನಿಯಮಗಳು ಒಂದೊಂದು ಮೆಡಿಕಲ್ ಫ್ಯಾಕಲ್ಟಿಗೆ ಒಂದೊಂದು ಥರ. ಆದರೆ ದಾರಿ ಹೆಚ್ಚುಕಡಿಮೆ ಒಂದೇ. ಕ್ಲಿನಿಕಲ್ ವಿಷಯಗಳಲ್ಲಿ ಸಾಮಾನ್ಯವಾಗಿ ಮೊದಲು ತಜ್ಞ ಪರೀಕ್ಷೆ ಪಾಸಾಗಿರಬೇಕು. ಒಂದೇ ವಿಷಯದ ಸುತ್ತ ಜರ್ನಲ್‌ಗಳಲ್ಲಿ ಪೇಪರ್‌ಗಳು ಬಂದಿರಬೇಕು, ಬಹುಪಾಲು ಮೊದಲ ಅಥವಾ ಕೊನೆಯ ಲೇಖಕನಾಗಿ. ಅವನ್ನೆಲ್ಲ ಪೋಣಿಸಿ, ಮುಂದೊಂದು ಮುನ್ನುಡಿ ಬರೆದು ಪ್ರಬಂಧ ಅಂತ ಒಪ್ಪಿಸುತ್ತಾರೆ. ಹೊರಗಿನ ಪ್ರೊಫೆಸರ್‌ಗಳು ಅದನ್ನು ಓದಿ ಅಭಿಪ್ರಾಯ ಬರೆಯುತ್ತಾರೆ. ಆಮೇಲೆ ಫ್ಯಾಕಲ್ಟಿಯ ಎದುರು ಉಪನ್ಯಾಸ, ಪ್ರಶ್ನೋತ್ತರ.

ಇಷ್ಟೆಲ್ಲ ಬರೆಯುವುದು ಯಾವಾಗ? ಡ್ಯೂಟಿ ಮುಗಿದ ಮೇಲೆ. ಇದಕ್ಕೆ ಇಲ್ಲಿ ‘ಫೈಯರ್‌ಆಬೆಂಡ್ ಫೋರ್ಷುಂಗ್’ ಅಂತಲೇ ಹೆಸರಿದೆ, ಕೆಲಸ ಬಿಟ್ಟ ಮೇಲಿನ ಸಂಶೋಧನೆ. ಹಗಲೆಲ್ಲ ಆಪರೇಷನ್ ಥಿಯೇಟರ್, ರಾತ್ರಿ ಡೇಟಾ ಟೇಬಲ್. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಯಾರೋ ನೋಡಿಕೊಳ್ಳಬೇಕು. ಜರ್ಮನಿಯಲ್ಲಿ ಹ್ಯಾಬಿಲಿಟೇಶನ್ ಪಡೆದ ಮೊದಲ ಮಹಿಳೆ ವೈದ್ಯಕೀಯದವರೇ, ಅಂಗರಚನಾಶಾಸ್ತ್ರದ ಆಡೆಲೆ ಹಾರ್ಟ್‌ಮನ್, ಮ್ಯೂನಿಕ್‌ನಲ್ಲಿ, 1918ರ ಕೊನೆಗೆ. ನೂರು ವರ್ಷ ದಾಟಿದರೂ ಎಲ್ಲ ವಿಷಯ ಸೇರಿಸಿ ಮಹಿಳೆಯರ ಪಾಲು ಇನ್ನೂ ಅರ್ಧ ಮುಟ್ಟಿಲ್ಲ. ಮೆಡಿಕಲ್ ಕ್ಲಾಸ್‌ರೂಮಿನಲ್ಲಿ ನೋಡಿದರೆ ಹುಡುಗಿಯರೇ ಜಾಸ್ತಿ!

ಇನ್ನು ನನ್ನ ತಕರಾರು. ಪರವಾನಗಿ ಬೋಧನೆಯದು, ಅಳತೆ ಪೇಪರಿನದು. ಬೋಧನೆಯ ತರಬೇತಿ, ಇಷ್ಟು ಗಂಟೆ ಪಾಠ ಮಾಡಿದ ಪ್ರಮಾಣಪತ್ರ ಕೇಳುತ್ತಾರೆ, ನಿಜ. ಆದರೆ ಪೇಪರ್ ಸಾಲದೆ ಅರ್ಜಿ ಹಾಕಲಾಗದೆ ಕೂತವರನ್ನು ಕಂಡಿದ್ದೇನೆ, ಪಾಠ ಚೆನ್ನಾಗಿಲ್ಲ ಅಂತ ನಿಂತವರನ್ನು ಕಂಡಿಲ್ಲ. ಫ್ಯಾಕಲ್ಟಿಯ ಹಿರಿಯರ ಎದುರು ಒಂದು ದಿನ ಸೂಟು ಹಾಕಿ ಸ್ಲೈಡ್ ತೋರಿಸುವುದಕ್ಕೂ, ಮೂರನೇ ವರ್ಷದ ವಿದ್ಯಾರ್ಥಿಗೆ ರೋಗಿಯ ಹಾಸಿಗೆ ಪಕ್ಕ ನಿಂತು ಉಸಿರಾಟದ ಸದ್ದು ಕೇಳಿಸಿಕೊಳ್ಳುವುದನ್ನು ಕಲಿಸುವುದಕ್ಕೂ ಬಹಳ ದೂರ.

ಎರಡನೆಯದು, ದೊಡ್ಡವರ ಕೃಪೆ. ವಿಭಾಗದ ಮುಖ್ಯಸ್ಥ ಮನಸ್ಸು ಮಾಡದಿದ್ದರೆ ನಿಮ್ಮ ಸಂಶೋಧನೆಗೆ ಸಮಯವೂ ಇಲ್ಲ, ಹೆಸರೂ ಇಲ್ಲ. ಇದು ಹಳೆಯ ಕಾಯಿಲೆ. 1929ರಲ್ಲಿ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆಯ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಎಳೆಯ ವೈದ್ಯ ತನ್ನ ತೋಳಿನ ರಕ್ತನಾಳದಿಂದ ಹೃದಯದವರೆಗೆ ತಾನೇ ಕ್ಯಾತಿಟರ್ ಎಂಬ ಸಣ್ಣ ಕೊಳವೆ ತೂರಿಸಿಕೊಂಡು, ನಡೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿಕೊಂಡ. ಬರ್ಲಿನ್‌ನ ಶಾರಿಟೆಯಲ್ಲಿ ಆಗ ಸಾವರ್‌ಬ್ರುಖ್ ಎಂಬ ಸರ್ಜನ್‌ದೇ ರಾಜ್ಯಭಾರ. ಇಂಥ ಚಮತ್ಕಾರಕ್ಕೆ ಸರ್ಕಸ್ಸಿನಲ್ಲಿ ಹ್ಯಾಬಿಲಿಟೇಶನ್ ಸಿಗಬಹುದು, ಮರ್ಯಾದಸ್ಥ ಜರ್ಮನ್ ಆಸ್ಪತ್ರೆಯಲ್ಲಲ್ಲ ಅಂತ ಅವರು ಹೇಳಿದರೆಂದು ಪ್ರತೀತಿ. ಫೋರ್ಸ್‌ಮನ್ ಹೃದಯದ ಕೆಲಸ ಬಿಟ್ಟು ಯೂರಾಲಜಿ ಹಿಡಿದ. 1956ರಲ್ಲಿ ನೊಬೆಲ್ ಬಂತು, ಕುರ್ನಾಂ ಮತ್ತು ರಿಚರ್ಡ್ಸ್ ಜೊತೆ. (ಮನುಷ್ಯನಾಗಿ ಆತ ಆದರ್ಶವೇನಲ್ಲ, ನಾಝಿ ಪಕ್ಷದ ಸದಸ್ಯನಾಗಿದ್ದ. ಅದನ್ನೂ ಮರೆಯಬಾರದು.) ಇವತ್ತು ಹೃದಯಕ್ಕೆ ಹೀಗೆ ಕೊಳವೆ ತೂರಿಸುವ ಕ್ಯಾತ್ ಲ್ಯಾಬ್ ಇಲ್ಲದ ದೊಡ್ಡಾಸ್ಪತ್ರೆ ಉಂಟೆ?

ಹಾಗಂತ ಇದನ್ನು ಕಿತ್ತೆಸೆಯಿರಿ ಅನ್ನುವ ಗುಂಪಿನಲ್ಲಿ ನಾನಿಲ್ಲ. 2002ರಲ್ಲಿ ಹ್ಯಾಬಿಲಿಟೇಶನ್ ಇಲ್ಲದೆಯೇ ಸಿಗುವ ಜೂನಿಯರ್ ಪ್ರೊಫೆಸರ್ ಹುದ್ದೆ ತಂದು ಹ್ಯಾಬಿಲಿಟೇಶನ್ನನ್ನು ಮೂಲೆಗೆ ಸರಿಸಲು ಕೇಂದ್ರ ಸರ್ಕಾರ ಹೊರಟಿತ್ತು. ರಾಜ್ಯಗಳು ಕೋರ್ಟಿಗೆ ಹೋದವು, 2004ರಲ್ಲಿ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು. ವೈದ್ಯಕೀಯದಲ್ಲಂತೂ ಹಳೆಯ ಪದ್ಧತಿ ಅಲ್ಲಾಡಲೇ ಇಲ್ಲ. ಅದರಲ್ಲಿ ಒಂದು ಅಂಶ ನನಗೆ ಇಷ್ಟ: ಬಿರುದು ಉಳಿಯಬೇಕಾದರೆ ಪಾಠ ಮಾಡುತ್ತಲೇ ಇರಬೇಕು, ಅದೂ ಸಾಮಾನ್ಯವಾಗಿ ಬಿಟ್ಟಿಯಾಗಿ. ಬೇರೆ ಊರಿಗೆ ಶೆಫ್‌ಆರ್ಟ್ಸ್ಟ್ ಆಗಿ ಹೋದವರೂ ಹಳೆಯ ಯೂನಿವರ್ಸಿಟಿಗೆ ಕಾರು ಹತ್ತಿ ಬಂದು ಕ್ಲಾಸ್ ತೆಗೆದುಕೊಂಡು ಹೋಗುತ್ತಾರೆ. ಗೊಣಗುತ್ತಾರೆ, ಆದರೆ ಬರುತ್ತಾರೆ. ದುಡ್ಡು ಕೊಡದಿರುವುದು ಮಾತ್ರ ಅನ್ಯಾಯ.

ನಮ್ಮಲ್ಲಿ ಹೇಗೆ? ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2022ರ ನಿಯಮದ ಪ್ರಕಾರ ಎಂಡಿ ಅಥವಾ ಎಂಎಸ್ ಮುಗಿಸಿ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆದರೆ ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದಿತ್ತು. ಬಡ್ತಿಗೆ ಪೇಪರ್, ಸಂಶೋಧನೆಯ ಒಂದು ಆನ್‌ಲೈನ್ ಕೋರ್ಸ್, ಬೋಧನೆಯದೊಂದು ಪುಟ್ಟ ಕೋರ್ಸ್. 2025ರ ನಿಯಮ ಇನ್ನೂ ಸಡಿಲ: ಕನಿಷ್ಠ 220 ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ದುಡಿದ ತಜ್ಞರು ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ಇದನ್ನು ಹಲವರು ಬೈಯುತ್ತಾರೆ. ನಾನು ಬೈಯುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಹತ್ತು ವರ್ಷ ಹೆರಿಗೆ ಮಾಡಿಸಿದವರಿಗೆ ಕಲಿಸಲು ಬೇಕಾದಷ್ಟು ಗೊತ್ತಿರುತ್ತದೆ. ಇನ್‌ಸ್ಪೆಕ್ಷನ್ ದಿನ ಮಾತ್ರ ಮುಖ ತೋರಿಸುವ ಪ್ರೊಫೆಸರ್‌ಗಳಿಗಿಂತ ಇವರು ಎಷ್ಟೋ ವಾಸಿ. ಆದರೆ ಇವರು ಕಲಿಸುವುದನ್ನು ಯಾರಾದರೂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರಾ? ಆ ವಿಷಯದಲ್ಲಿ ಎರಡೂ ದೇಶ ಅಕ್ಕಪಕ್ಕ.

ಜೂನಿಯರ್‌ಗಳೇ, ಕೊನೆಗೆ ನಿಮ್ಮ ಪ್ರಶ್ನೆ. ನಿಮ್ಮ ಎಂಬಿಬಿಎಸ್‌ಗೆ ಇಲ್ಲಿ ‘ಡಾಕ್ಟರ್’ ಅಂತ ಬರೆದುಕೊಳ್ಳುವ ಹಕ್ಕು ಸಿಗುವುದಿಲ್ಲ, ಅದಕ್ಕೆ ಬೇರೆಯೇ ಪ್ರಬಂಧ ಬರೆಯಬೇಕು. ಎಂಡಿ ಇದ್ದರೂ ಅದು ತಜ್ಞತೆಯ ಲೆಕ್ಕ, ಡಾಕ್ಟರೇಟ್ ಅಲ್ಲ. ಹಾಗಾಗಿ ಮೊದಲು ಭಾಷೆ, ಲೈಸೆನ್ಸ್, ತಜ್ಞ ಪರೀಕ್ಷೆ, ಡಾಕ್ಟರೇಟ್. ಕೆಲಸಕ್ಕೆ ಸೇರುವ ಮುಂಚೆ ಸಂಶೋಧನೆಗೆ ವಾರದಲ್ಲಿ ಎಷ್ಟು ಸಮಯ ಕೊಡುತ್ತೀರಿ ಅಂತ ಸಂದರ್ಶನದಲ್ಲೇ ಕೇಳಿ, ಒಪ್ಪಿದರೆ ಕಾಂಟ್ರಾಕ್ಟಿನಲ್ಲಿ ಬರೆಸಿಕೊಳ್ಳಿ. ‘ನೋಡೋಣ’ ಅಂದರೆ ಸಿಗುವುದಿಲ್ಲ ಅಂತಲೇ ತಿಳಿಯಿರಿ.