99ಕ್ಕೆ ಬಂದಾಗಲೇ ಕರೆಂಟ್ ಹೋಗಬೇಕಾ?

ಹೋಯ್ತು! ಕಂಪ್ಯೂಟರಿನ ಫೈಲುಗಳ ಬ್ಯಾಕಪ್, ಅಂದರೆ ಕಳೆದರೆ ಇರಲಿ ಅಂತ ಇನ್ನೊಂದು ಕಾಪಿ, 99 ಪ್ರತಿಶತ ಆಗಿತ್ತು, ಶಿರಸಿಯ ಆಷಾಢದ ಗಾಳಿಗೆ ಎಲ್ಲೋ ಒಂದು ಅಡಿಕೆ ಮರ ಲೈನಿನ ಮೇಲೆ ಒರಗಿತು. ಯುಪಿಎಸ್ ಇಲ್ವಾ ಅಂತೀರಾ? ಬ್ಯಾಟರಿ ಸತ್ತ ಯುಪಿಎಸ್ ಎರಡು ಸಲ ಕುಂಯ್ ಅಂದು ಯಜಮಾನನಿಗಿಂತ ಮೊದಲೇ ಮಲಗುತ್ತದೆ.

ಬ್ಯಾಕಪ್ ಮಾಡಿ ಅಂತ ಉಪದೇಶಕ್ಕೇನು ಬರಗಾಲ? 1 ಟಿಬಿ ಡಿಸ್ಕ್ ತಂದರೆ ವಿಂಡೋಸ್ 931 ಜಿಬಿ ಅನ್ನುತ್ತದೆ. ಮಾರುವವರದು 1000ದ ಲೆಕ್ಕ, ಇದರದು 1024ರ ಲೆಕ್ಕ. ಹೋಗಲಿ. ಪೆನ್‌ಡ್ರೈವಿನಲ್ಲಿ 20 ಜಿಬಿ ಖಾಲಿ ಇದ್ದರೂ ಯಕ್ಷಗಾನದ 6 ಜಿಬಿ ವಿಡಿಯೋ ಒಳಗೆ ಹೋಗದು; ಅದರಲ್ಲಿ ಫೈಲು ಜೋಡಿಸುವ ಪದ್ಧತಿ ಫ್ಯಾಟ್32, ಅದರ ಗಂಟಲಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಇಳಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕಂತೆ. ಮಾಡಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ. ಅಂದರೆ ಬ್ಯಾಕಪ್ಪಿಗೆ ಮೊದಲು ಬ್ಯಾಕಪ್ಪಿನ ಬ್ಯಾಕಪ್!

ಕ್ಲೌಡಾ? ಸೆಕೆಂಡಿಗೆ 1 ಎಂಬಿ ಅಪ್‌ಲೋಡ್ ಸಿಕ್ಕರೆ 100 ಜಿಬಿಗೆ ಹತ್ತಿರ ಹತ್ತಿರ 28 ಗಂಟೆ. ಅಷ್ಟು ಹೊತ್ತು ಕರೆಂಟು, ನೆಟ್ಟು ಎರಡೂ ಜೊತೆಗಿದ್ದ ಮಳೆಗಾಲವನ್ನು ಘಟ್ಟದ ಮೇಲೆ ಯಾರು ಕಂಡಿದ್ದಾರೆ? ಇನ್ನು ಎರಡೂ ಕಡೆಯ ಫೈಲುಗಳನ್ನು ಒಂದೇ ತರ ಇಡುವ ಸಿಂಕನ್ನೇ ಬ್ಯಾಕಪ್ ಅನ್ನುವ ಪಂಡಿತರು: ಇಲ್ಲಿ ಅಳಿಸಿದ ಉಪನಯನದ ಫೋಟೋ ಅಲ್ಲೂ ಶಿಸ್ತಾಗಿ ಅಳಿಯುತ್ತದಲ್ಲ ಸ್ವಾಮಿ!

ಕರೆಂಟ್ ಬಂತು. ಕಾಪಿ ಮತ್ತೆ ಸೊನ್ನೆಯಿಂದ. ‘ಈ ಹೆಸರಿನ ಫೈಲ್ ಈಗಾಗಲೇ ಇದೆ, ಬದಲಿಸಲೇ?’ ಅಂತ ಕೇಳುತ್ತಿದೆ. ಅರ್ಧ ಬರೆದ ಫೈಲ್ ಯಾವುದು ಅಂತ ನಾನು ಯಾರನ್ನು ಕೇಳಲಿ?